ಬೋಟಿಗೆ ಕಾರಿನ ಪಾರ್ಟ್ ಹಾಕಿದರೆ ಏನಾಗುತ್ತದೆ?

ಮಿಶಿಗನ್ನಿನಲ್ಲಿ ಬೇಸಿಗೆ ಬಂತೆಂದರೆ ನನಗೆ ಬರುವ ಫೋನುಗಳಲ್ಲೆಲ್ಲ ಇದೊಂದೇ ಪ್ರಶ್ನೆ. ಹಳೇ ಬೋಟು ಕೊಂಡ ಕನ್ನಡದ ಗೆಳೆಯರು, ಅವರ ಗೆಳೆಯರು, ನಾನು ಮುಖವನ್ನೇ ನೋಡಿರದವರು ಕೂಡ ಕೇಳುತ್ತಾರೆ. "ಆಲ್ಟರ್ನೇಟರ್ ಹೋಗಿದೆ. ಮರೈನ್ ಅಂತ ಹೆಸರಿಟ್ಟು ಸುಮ್ನೆ ಜಾಸ್ತಿ ದುಡ್ಡು ಕೀಳ್ತಾರೆ. ಎಂಜಿನ್ನು ಕಾರಿನದೇ ಅಲ್ವಾ? ಕಾರಿನ ಪಾರ್ಟೇ ಹಾಕಿದ್ರೆ ಏನಾಗುತ್ತೆ?" ಆಲ್ಟರ್ನೇಟರ್ ಅಂದರೆ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಭಾಗ.

ಹಾಕಬೇಡಿ. ಬೋಟು ಸಿಡಿಯಬಹುದು. ಇಷ್ಟು ಸಾಕು ಅನ್ನುವವರು ಮುಂದೆ ಓದಬೇಕಾಗಿಲ್ಲ.

ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಹೆಚ್ಚಿನವರು ಉತ್ತರ ತಾವೇ ತೀರ್ಮಾನಿಸಿಕೊಂಡು, ನನ್ನಿಂದ ಒಂದು ಹೂಂ ಅನ್ನಿಸಿಕೊಳ್ಳಲು ಫೋನ್ ಮಾಡುತ್ತಾರೆ. ನನಗೆ ರೇಗುವುದು ಅದಕ್ಕೆ. ನಾನು ಹೂಂ ಅಂದ ಬೋಟಿನಲ್ಲಿ ಅವರ ಮಕ್ಕಳು ಕೂರುತ್ತಾರೆ.

ಎಂಜಿನ್ ಕಾರಿನದೇ, ನಿಜ. ಬೋಟಿನ ಎಂಜಿನ್ ಮಾಡುವ ಮರ್‌ಕ್ರೂಸರ್‌ನ 5.7 ಲೀಟರಿನ ವಿ8ನಲ್ಲಿ ಇರುವುದು ಜನರಲ್ ಮೋಟಾರ್ಸ್‌ನ ಬ್ಲಾಕೇ. ಆದರೆ ಅದು ಕೂತಿರುವ ಜಾಗ ಬೇರೆ. ಕಾರಿನ ಬಾನೆಟ್ ಕೆಳಗೆಲ್ಲ ಬಯಲು. ಪೆಟ್ರೋಲ್ ಸೋರಿದರೂ ಆವಿ ಕೆಳಗಿಳಿದು ಗಾಳಿಗೆ ಹೋಗುತ್ತದೆ. ಬೋಟಿನ ತಳದಲ್ಲಿ ತೂತಿಲ್ಲವಲ್ಲ! ಪೆಟ್ರೋಲ್ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಅದು ಎಂಜಿನ್ ಕೆಳಗೆ ಬಿಲ್ಜ್ ಅನ್ನುವ ಬೋಟಿನ ತಳದ ತಗ್ಗಿನಲ್ಲೇ ತುಂಬಿಕೊಳ್ಳುತ್ತದೆ. ಗಾಳಿಯಲ್ಲಿ ಶೇ. 1.4ರಷ್ಟು ಸೇರಿದ್ದರೂ ಒಂದು ಕಿಡಿ ಸಾಕು. ಗ್ಯಾಸ್ ವಾಸನೆ ಬಂದಾಗ ಲೈಟಿನ ಸ್ವಿಚ್ ಮುಟ್ಟಬೇಡ ಅಂತ ಅಮ್ಮಂದಿರು ಕೂಗುವುದು ಇದಕ್ಕೇ.

ಉಡುಪಿ ಕಡೆಯ ಗೆಳೆಯನೊಬ್ಬ ಒಮ್ಮೆ ಹಟ ಹಿಡಿದ. "ಮಲ್ಪೆಯಲ್ಲಿ ಲಾರಿ ಎಂಜಿನ್ ಹಾಕಿಕೊಂಡು ಸಮುದ್ರಕ್ಕೇ ಹೋಗ್ತಾರೆ ಮಾರಾಯಾ. ನೀನು ಕೆರೆಗೆ ಹೆದರ್ತೀಯಲ್ಲ!" ಅದು ಡೀಸೆಲ್ ಎಂಜಿನ್. ಅದರಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಡೀಸೆಲ್ 50 ಡಿಗ್ರಿ ದಾಟುವವರೆಗೆ ಹೊತ್ತಿಕೊಳ್ಳುವಷ್ಟು ಆವಿ ಬಿಡುವುದಿಲ್ಲ. ಪೆಟ್ರೋಲ್ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೂ ಬಿಡುತ್ತದೆ. ಇನ್ನು ನಾಡದೋಣಿಯ ಔಟ್‌ಬೋರ್ಡ್ ಎಂಜಿನ್ ದೋಣಿಯ ಹಿಂದೆ ಬಯಲಿನಲ್ಲಿ ನೇತಾಡುತ್ತಿರುತ್ತದೆ.

ಅವನು ಕೇಳಲಿಲ್ಲ. ಕಾರಿನ ಆಲ್ಟರ್ನೇಟರ್ ತಂದೇಬಿಟ್ಟ. ಅದನ್ನೂ ಅವನ ಬೋಟಿನದನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಟಾರ್ಚ್ ಹಿಡಿದೆ. ಅದೇ ಗಾತ್ರ, ಅದೇ ಬೋಲ್ಟು. ಕಾರಿನದರ ಹಿಂಬದಿಯ ಕಂಡಿಗಳಲ್ಲಿ ಇಣುಕಿದರೆ ಬ್ರಷ್ಷು, ತಾಮ್ರದ ಉಂಗುರ ನೇರ ಕಾಣುತ್ತವೆ. ಕಿಡಿ ಹಾರುವುದು ಅಲ್ಲೇ. ಬೋಟಿನದರ ಕಂಡಿಗಳಿಗೆ ಒಳಗಿನಿಂದ ಸಣ್ಣ ಕಣ್ಣಿನ ಲೋಹದ ಜಾಲರಿ ಕೂರಿಸಿದ್ದಾರೆ. ಒಳಗೆ ಬೆಂಕಿ ಹತ್ತಿದರೂ ಜಾಲರಿ ದಾಟುವಾಗ ತಣ್ಣಗಾಗಿ ಆರುತ್ತದೆ. 1815ರಲ್ಲಿ ಹಂಫ್ರಿ ಡೇವಿ ಗಣಿ ಕಾರ್ಮಿಕರ ದೀಪಕ್ಕೆ ಜಾಲರಿ ಸುತ್ತಿದ್ದೂ ಇದೇ ಲೆಕ್ಕದಲ್ಲಿ. ಗೆಳೆಯ ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿ, ತಂದದ್ದನ್ನು ಅಂಗಡಿಗೆ ವಾಪಸ್ ಕೊಟ್ಟ.

ಸ್ಟಾರ್ಟರ್, ಡಿಸ್ಟ್ರಿಬ್ಯೂಟರ್, ಬಿಲ್ಜ್ ಪಂಪಿನ ಸ್ವಿಚ್ಚು, ಆ ಜಾಗದಲ್ಲಿ ಕಿಡಿ ಬರಬಹುದಾದ ಎಲ್ಲದಕ್ಕೂ ಇದೇ ಮಾತು. ಅಮೆರಿಕದ ನಿಯಮದ ಪ್ರಕಾರ, ಸುತ್ತ ಶೇ. 4.25ರಿಂದ 5.25ರಷ್ಟು ಪ್ರೊಪೇನ್ ಬೆರೆತ ಗಾಳಿಯಿದ್ದಾಗಲೂ ಪಾರ್ಟ್ ಅದನ್ನು ಹೊತ್ತಿಸಬಾರದು. ಕೊಳ್ಳುವಾಗ ಮೈಮೇಲೆ "ಇಗ್ನಿಷನ್ ಪ್ರೊಟೆಕ್ಟೆಡ್" (ಸುತ್ತಲಿನ ಆವಿಯನ್ನು ಹೊತ್ತಿಸುವುದಿಲ್ಲ) ಅಂತಲೋ, ಅದರ ಮಾನದಂಡಗಳಾದ ಎಸ್‌ಎಇ ಜೆ1171 ಅಥವಾ ಐಎಸ್‌ಒ 8846 ಅಂತಲೋ ಇದೆಯಾ ನೋಡಿ. ಬರೀ "ಮರೈನ್ ಗ್ರೇಡ್", "ವಾಟರ್‌ಪ್ರೂಫ್" ಅಂದರೆ ತುಕ್ಕಿಗೆ, ನೀರಿಗೆ ತಡೆಯುತ್ತದೆ ಅಂತಷ್ಟೇ ಇರಬಹುದು. ಹಳೆಯದನ್ನು ರಿಪೇರಿ ಮಾಡಿಸಿದ್ದರೆ ಜಾಲರಿ ವಾಪಸ್ ಕೂತಿದೆಯಾ ಅಂತ ಕಣ್ಣಾರೆ ನೋಡಿ.

ಇಷ್ಟೆಲ್ಲ ಕೇಳುವವರು ಇನ್ನೊಂದನ್ನು ಕೇಳುವುದೇ ಇಲ್ಲ: ಆವಿ ಅಲ್ಲಿಗೆ ಬರುವುದಾದರೂ ಎಲ್ಲಿಂದ? ದಯವಿಟ್ಟು ಅದನ್ನು ಕೇಳಿ. ಪಾರ್ಟ್ ಎಷ್ಟೇ ಒಳ್ಳೆಯದಿರಲಿ, ಕೀ ತಿರುಗಿಸುವ ಮುಂಚೆ ಎಂಜಿನ್ ಮುಚ್ಚಳ ಎತ್ತಿ ಮೂಸಿ ನೋಡಬೇಕು. ನಾಲ್ಕು ನಿಮಿಷ ಬ್ಲೋವರ್, ಅಂದರೆ ಒಳಗಿನ ಆವಿಯನ್ನು ಹೊರಹಾಕುವ ಫ್ಯಾನ್, ಓಡಿಸಬೇಕು. ಪೆಟ್ರೋಲ್ ತುಂಬಿಸಿದ ಮೇಲಂತೂ ಮರೆಯಲೇಬಾರದು. ವಾಸನೆ ಬಂದರೆ ಯಾವ ಸ್ವಿಚ್ಚೂ ಮುಟ್ಟದೆ ಮೊದಲು ಎಲ್ಲರನ್ನೂ ದಡಕ್ಕೆ ಇಳಿಸಿ.

ಆಮೇಲೆ ಪೆಟ್ರೋಲ್ ಹೋಸ್. ಆವಿ ಅಲ್ಲಿಂದಲೂ ಬರಬಹುದು. ಒಣ ಬಟ್ಟೆಯಿಂದ ಅದನ್ನು ಉದ್ದಕ್ಕೂ ಒರೆಸಿ, ಆ ಬಟ್ಟೆಯನ್ನು ಮೂಸಿ. ಪೆಟ್ರೋಲ್ ವಾಸನೆ ಇದ್ದರೆ ಹೋಸ್ ಮುಗಿಯಿತು ಅಂತಲೇ. ಹೊಸದರ ಮೇಲೆ "ಯುಎಸ್‌ಸಿಜಿ ಟೈಪ್ ಎ1" ಅಂತ ಅಚ್ಚಾಗಿರಬೇಕು (ಯುಎಸ್‌ಸಿಜಿ ಅಂದರೆ ಅಮೆರಿಕದ ಕೋಸ್ಟ್ ಗಾರ್ಡ್). ಆ ಹೋಸ್ ಬೆಂಕಿಯ ಪರೀಕ್ಷೆಯಲ್ಲಿ ಎರಡೂವರೆ ನಿಮಿಷ ತಡೆದಿರುತ್ತದೆ. ಮುಂದಿನ ಸಲ ಫೋನ್ ಮಾಡಿದಾಗ ಬಟ್ಟೆ ಒರೆಸಿ ನೋಡಿದಿರಾ ಅಂತಲೇ ಮೊದಲು ಕೇಳುತ್ತೇನೆ.