ಯಾರ ಸ್ಟೈಲ್ ಸರ್ ನಿಮ್ದು?

ಕಾರ್ಯಕ್ರಮ ಮುಗಿದು ಕೇಬಲ್ ಸುತ್ತುವ ಹೊತ್ತಿಗೆ ಯಾರಾದರೂ ಒಬ್ಬ ಹುಡುಗ ವೇದಿಕೆ ಹತ್ತಿರ ಬಂದೇ ಬರುತ್ತಾನೆ. "ಸರ್, ಬೇಸ್ ಗಿಟಾರ್‌ನಲ್ಲಿ ನೀವು ಯಾರನ್ನ ಫಾಲೋ ಮಾಡ್ತೀರಿ? ಯಾರ ಸ್ಟೈಲ್ ನಿಮ್ದು?" ಒಂದು ಹೆಸರು ಹೇಳಿದರೆ ಅವನು ಮನೆಗೆ ಹೋಗಿ ಹುಡುಕಿ ಕೇಳುತ್ತಾನೆ, ಒಳ್ಳೆಯದೇ. ಆದರೆ ಇಪ್ಪತ್ತರ ವಯಸ್ಸಿನಲ್ಲಿ ನಾನು ಹೇಳುತ್ತಿದ್ದ ಹೆಸರು ಬೇರೆ, ಮೂವತ್ತರಲ್ಲಿ ಬೇರೆ, ಈಗ ನಲವತ್ತೈದು ದಾಟಿದ ಮೇಲೆ ಎಲ್ಲರಿಗಿಂತ ಮೊದಲು ಹೇಳಬೇಕು ಅನ್ನಿಸುವವರು ಬೇಸ್ ನುಡಿಸುವವರೇ ಅಲ್ಲ.

ಶುರುವಾಗಿದ್ದು ಇಳಯರಾಜಾರಿಂದ. ಅದರಲ್ಲಿ ಅನುಮಾನವೇ ಇಲ್ಲ. 1981ರ 'ಗೀತಾ', 1983ರ 'ಪಲ್ಲವಿ ಅನುಪಲ್ಲವಿ' ಹಾಡುಗಳನ್ನು ಮನೆಯ ಸಣ್ಣ ಟೇಪ್ ರೆಕಾರ್ಡರಿನಲ್ಲಿ ಎಷ್ಟು ಸಲ ಕೇಳಿದ್ದೆನೋ, ಆದರೂ ಅದರಲ್ಲಿ ಬೇಸ್ ಅನ್ನೋದು ಒಂದಿದೆ ಅಂತ ಗೊತ್ತಿರಲಿಲ್ಲ. ಬೇಸ್‌ನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಅಷ್ಟೇ ಕಂಪಿಸುತ್ತೆ. ಅಂಗೈಯಗಲದ ಸ್ಪೀಕರಿನಲ್ಲಿ ಅದು ಸರಿಯಾಗಿ ಬರೋದೇ ಇಲ್ಲ. ನನಗೆ ಅದು ಕೇಳಿಸಿದ್ದು ಸಾಗರದಿಂದ ಶಿವಮೊಗ್ಗಕ್ಕೆ ಬರುವ ಪ್ರೈವೇಟ್ ಬಸ್ಸಿನಲ್ಲಿ, ಹಿಂದಿನ ಸೀಟಿನಲ್ಲಿ, ತಲೆಯ ಮೇಲೇ ದೊಡ್ಡ ಸ್ಪೀಕರ್. ಬಾಯಿಪಾಠ ಬರುವ ಹಾಡೇ, ಆದರೆ ಅದರ ಅಡಿಯಲ್ಲಿ ಇನ್ನೊಂದು ಹಾಡು ಓಡುತ್ತಿತ್ತು, ಗಾಯಕರು ಉಸಿರು ತೆಗೆದುಕೊಳ್ಳುವ ಕಡೆ ಅದು ಮೇಲೆ ಬಂದು ಮತ್ತೆ ಕೆಳಗೆ ಇಳಿಯುತ್ತಿತ್ತು. ಕೂತ ಸೀಟು ಸಣ್ಣಗೆ ನಡುಗುತ್ತಿತ್ತು. ಆನಂದಪುರ ಬರುವಷ್ಟರಲ್ಲಿ ನನಗೆ ಗಾಯನ ಬಿಟ್ಟು ಅದೊಂದೇ ಕೇಳಿಸುತ್ತಿತ್ತು. ಮನೆಗೆ ಬಂದು ಕ್ಯಾಸೆಟ್ ಕವರ್ ತಿರುಗಿಸಿ ನೋಡಿದೆ, ಅದನ್ನು ನುಡಿಸಿದವರು ಯಾರು ಅಂತ ಬರೆದಿರಲಿಲ್ಲ.

ಆಮೇಲೆ ಅಮೆರಿಕದ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್. 1976ರಲ್ಲಿ ಬಂದ ಅವನ ಮೊದಲ ಆಲ್ಬಂ ನನ್ನ ಕೈಗೆ ಸಿಕ್ಕಿದ್ದು ಗೆಳೆಯನೊಬ್ಬ ಬೆಂಗಳೂರಿಂದ ತಂದ ಸಿಡಿಯಲ್ಲಿ. ನನಗಾಗ ಇಪ್ಪತ್ತೈದು. ವೇಗ, ಬರೀ ವೇಗವೇ ಕೇಳಿಸಿತು. ಗಣಪತಿ ಹಬ್ಬದ ರಸಮಂಜರಿಗಳಲ್ಲಿ ಜಾಗ ಇರಲಿ ಇಲ್ಲದಿರಲಿ ಆ ವೇಗವನ್ನೇ ತುಂಬಿದೆ. ಅಮೆರಿಕದ ರೆಕಾರ್ಡ್ ಕಂಪನಿ ಮೋಟೌನ್‌ನ ಬೇಸ್ ವಾದಕ ಜೇಮ್ಸ್ ಜೇಮರ್ಸನ್‌ರನ್ನು ಮೂವತ್ತರ ಹತ್ತಿರ ಕೇಳಿದ ಮೇಲೆ ಅದು ಸ್ವಲ್ಪ ತಗ್ಗಿತು. ಬಲಗೈಯ ಒಂದೇ ತೋರುಬೆರಳಲ್ಲಿ ನುಡಿಸುತ್ತಿದ್ದರು. ಅವರ ಹೆಸರನ್ನೂ ಎಷ್ಟೋ ವರ್ಷ ರೆಕಾರ್ಡ್‌ಗಳ ಮೇಲೆ ಹಾಕುತ್ತಿರಲಿಲ್ಲ ಅಂತ ಓದಿದಾಗ ಆ ಕ್ಯಾಸೆಟ್ ಕವರ್ ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಯಿತು.

ನಿಜವಾಗಿ ನನ್ನ ಕಿವಿ ಬದಲಾಗಿದ್ದು ಒಂದು ಭಾವಗೀತೆ ಕಾರ್ಯಕ್ರಮದ ತಾಲೀಮಿನಲ್ಲಿ. ಇದು ಶಿವಮೊಗ್ಗ ಸುಬ್ಬಣ್ಣನವರ ಊರು, ಇಲ್ಲಿ ಭಾವಗೀತೆ ಕೇಳೋಕೆ ಬರುವವರಿಗೆ ಒಂದೊಂದು ಅಕ್ಷರವೂ ಬೇಕು. ನಾನು ಎಂದಿನಂತೆ ಶುರು ಮಾಡಿದೆ. ತಬಲಾದ ಹಿರಿಯರು ಎರಡು ಸಾಲು ನುಡಿಸಿ ಕೈ ನಿಲ್ಲಿಸಿದರು. "ತಮ್ಮಾ, ನೀನು ಶುರು ಮಾಡಿದ್ರೆ ನನ್ನ ಡಗ್ಗಾ ಕೇಳೋದೇ ಇಲ್ಲ ಮಾರಾಯ." ಸೌಂಡ್‌ನವರ ತಪ್ಪು ಅಂದುಕೊಂಡೆ. ಅಲ್ಲ. ಡಗ್ಗಾ, ಅಂದರೆ ತಬಲಾ ಜೋಡಿಯಲ್ಲಿ ಎಡಗೈಯ ದೊಡ್ಡ ವಾದ್ಯ, ಮತ್ತು ಬೇಸ್ ಎರಡೂ ಇರೋದು ಹತ್ತಿರ ಹತ್ತಿರ ಒಂದೇ ಕೆಳಗಿನ ಜಾಗದಲ್ಲಿ, ಎರಡೂ ಒಟ್ಟಿಗೆ ತುಂಬಿಕೊಂಡರೆ ಎರಡೂ ಗೊಜ್ಜಾಗುತ್ತೆ. ಅವರು ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ಬರೀ ಎಡಗೈ ನುಡಿಸಿ ತೋರಿಸಿದರು. ಬೆರಳು ಬಿದ್ದ ಕೂಡಲೇ ಅಂಗೈಯ ಬುಡವನ್ನು ಚರ್ಮದ ಮೇಲೆ ಒತ್ತಿ ಮುಂದೆ ಜಾರಿಸುತ್ತಿದ್ದರು, ಗುಂ ಅನ್ನುವ ದನಿ ಬಾಗಿ ಮೇಲಕ್ಕೆ ಹೋಗುತ್ತಿತ್ತು. ಬರೀ ಪೆಟ್ಟಲ್ಲ ಅದು, ಮಾತಾಡಿದ ಹಾಗೆ ಇತ್ತು. ಅವತ್ತು ಸಂಜೆ ಪೂರ್ತಿ ನಾನು ಡಗ್ಗಾ ಸುಮ್ಮನಿದ್ದ ಕಡೆ ಮಾತ್ರ ನುಡಿಸಿದೆ, ಒಂದು ಸಾಲಿಗೆ ಎರಡೋ ಮೂರೋ ಸ್ವರ. ಹಾಡುವವರು ತಿರುಗಿ ನೋಡಿ ನಕ್ಕರು.

ಆಮೇಲೆ ಕೇಳೋದೆಲ್ಲ ಬೇರೆ ಆಯಿತು. ಬಡಗುತಿಟ್ಟಿನ ಯಕ್ಷಗಾನ ಆಟಕ್ಕೆ ಹೋದರೆ ಮದ್ದಳೆಯವರ ಪಕ್ಕದಲ್ಲಿ ಕೂರುತ್ತೇನೆ, ಭಾಗವತರು ಪದ್ಯ ಎಳೆದಾಗ ಅವರು ಎಲ್ಲಿ ಕೈ ಬಿಡುತ್ತಾರೆ ಅಂತ ನೋಡೋಕೆ.

ಆ ಜಾರುವ ದನಿಗೋಸ್ಕರ ನನ್ನ ಹಳೇ ಬೇಸ್‌ನ ಫ್ರೆಟ್, ಅಂದರೆ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳನ್ನು, ತೆಗೆಸಿದೆ. ಫ್ರೆಟ್ ಇದ್ದರೆ ಸ್ವರ ಮೆಟ್ಟಿಲು ಹತ್ತಿದ ಹಾಗೆ ಹತ್ತುತ್ತೆ, ಇಲ್ಲದಿದ್ದರೆ ಜಾರುತ್ತೆ. ಆಗ ಹದಿನೈದು ವರ್ಷದ ಮೇಲೆ ಮತ್ತೆ ಜಾಕೋನನ್ನು ಹಾಕಿ ಕೇಳಿದೆ. ಅವನ ಬೇಸ್‌ನಲ್ಲೂ ಫ್ರೆಟ್ ಇರಲಿಲ್ಲ ಅಲ್ವಾ, ಅದು ಮೊದಲೇ ಗೊತ್ತಿತ್ತು, ಆದರೆ ಕೇಳಿಸಿರಲಿಲ್ಲ. ಈ ಸಲ ವೇಗ ಕಿವಿಗೇ ಬೀಳಲಿಲ್ಲ. ಒಂದು ಉದ್ದ ಸ್ವರದ ಕೊನೆಯಲ್ಲಿ ಅವನು ಬೆರಳನ್ನು ಒಂಚೂರು ಅಲ್ಲಾಡಿಸುತ್ತಾನೆ, ದನಿ ನಡುಗಿ ನಿಲ್ಲುತ್ತೆ. ಅಷ್ಟನ್ನೇ ರಾತ್ರಿಯೆಲ್ಲ ಹಿಂದೆ ಮುಂದೆ ಮಾಡಿ ಕೇಳಿದೆ. 1987ರಲ್ಲಿ ಅವನು ತೀರಿಕೊಂಡಾಗ ಬರೀ 35 ವರ್ಷ. ಅಷ್ಟು ಸಣ್ಣ ವಯಸ್ಸಿಗೇ ಅವನಿಗೆ ಅದು ಸಿಕ್ಕಿತ್ತು.

ಹಾಗಾಗಿ ಈಗ ಯಾರಾದರೂ ಕೇಳಿದರೆ ಮೊದಲು ಆ ತಬಲಾದವರ ಎಡಗೈ ಅನ್ನುತ್ತೇನೆ, ಆಮೇಲೆ ಜಾಕೋ ಅನ್ನುತ್ತೇನೆ. ಬೆಳಿಗ್ಗೆ ಫೋನಿನಲ್ಲಿ ತಂಬೂರಿ ಹಾಕಿಕೊಂಡು ಷಡ್ಜದಿಂದ ಪಂಚಮಕ್ಕೆ ಜಾರೋದನ್ನು ಅರ್ಧ ಗಂಟೆ ಮಾಡುತ್ತೇನೆ. ಪಂಚಮ ಇನ್ನೂ ಒಂದು ಕೂದಲೆಳೆಯಷ್ಟು ಮೇಲೆ ಹೋಗ್ತಿದೆ.