ಚಳೀಲಿ ಫೋಟೋ ಕೆಡಿಸೋದು ಬಿಸಿ

ಊರಿಗೆ ಫೋಟೋ ಕಳ್ಸಿದಾಗೆಲ್ಲ ಬರೋ ಮೊದಲ ಪ್ರಶ್ನೆ, ಅಷ್ಟು ಚಳೀಲಿ ಕ್ಯಾಮೆರಾ ಕೆಲ್ಸ ಮಾಡುತ್ತಾ ಅಂತ. (ಅಮ್ಮನ ಪ್ರಶ್ನೆ ಬೇರೆ, "ಕಿವಿಗೆ ಹತ್ತಿ ಇಟ್ಕೊಂಡಿದ್ಯೇನೋ" ಅಂತ, ಅದನ್ನ ಬಿಡಿ.) ಮಾಡುತ್ತೆ. ಮ್ಯಾನುಯಲ್ ತೆಗೆದು ನೋಡಿದ್ರೆ ಹೆಚ್ಚಿನ ಕ್ಯಾಮೆರಾಗಳಿಗೆ 0ಯಿಂದ 40 ಡಿಗ್ರಿ ಅಂತಾನೇ ಬರ್ದಿರ್ತಾರೆ, ಐಫೋನಿಗೆ 0ಯಿಂದ 35, ಆದ್ರೆ ನಾನಿರೋ ಅಮೆರಿಕದ ಮಿನ್ನೆಸೋಟಾದಲ್ಲಿ ಆ ಲೆಕ್ಕ ಹಿಡ್ಕೊಂಡು ಕೂತ್ರೆ ಡಿಸೆಂಬರಿಂದ ಮಾರ್ಚ್ ತನಕ ಕ್ಯಾಮೆರಾನ ಬೀರುವಲ್ಲಿಟ್ಟು ಬೀಗ ಹಾಕ್ಬೇಕಷ್ಟೆ. ಮೈನಸ್ 25ರಲ್ಲೂ ನನ್ನ ಹಳೇ ಕ್ಯಾಮೆರಾ ಆರಾಮಾಗಿ ಓಡುತ್ತೆ. ಇಲ್ಲಿ ಫೋಟೋ ಕೆಡಿಸೋದು ಚಳಿಗಿಂತ ಜಾಸ್ತಿ ಬಿಸಿ ಕಣ್ರೀ. ಉಸಿರಿನ ಬಿಸಿ, ಕಾರ್ ಹೀಟರಿನ ಬಿಸಿ, ಮನೆ ಒಳಗಿನ ಬಿಸಿ. ಇದು ತಲೆಗೆ ಹೋದ್ಮೇಲೆ ಬಾಕಿ ಟಿಪ್ಸ್ ಎಲ್ಲ ಯಾರೂ ಹೇಳ್ಕೊಡೋದು ಬೇಕಾಗಲ್ಲ.

ನಾನು ಹೆಚ್ಚಾಗಿ ಹೋಗೋದು ಡುಲುತ್ ಕಡೆ, ಲೇಕ್ ಸುಪೀರಿಯರ್ ದಡಕ್ಕೆ. ಅದನ್ನ ಕೆರೆ ಅನ್ನೋಕೆ ಬಾಯೇ ಬರಲ್ಲ, ಸುಮಾರು 82,000 ಚದರ ಕಿಲೋಮೀಟರ್ ಇದೆ, ನಮ್ಮ ಇಡೀ ಕರ್ನಾಟಕದ ಅರ್ಧಕ್ಕೆ ಸ್ವಲ್ಪ ಕಮ್ಮಿ. ಅಷ್ಟೊಂದು ನೀರು ಬೇಗ ತಣ್ಣಗಾಗಲ್ಲ, ಹಾಗಾಗಿ ಸುತ್ತಮುತ್ತಲ ಸಣ್ಣ ಕೆರೆಗಳೆಲ್ಲ ಕಲ್ಲಾಗಿ ಜನ ಅದರ ಮೇಲೆ ಕುರ್ಚಿ ಹಾಕ್ಕೊಂಡು ಮೀನು ಹಿಡೀತಾ ಇದ್ರೂ ಇದು ಮಾತ್ರ ಜನವರೀಲೂ ಅಲೆ ಹೊಡೀತಾ ಇರುತ್ತೆ. ಗಾಳಿ ಮೈನಸ್ 25, ನೀರು ಸೊನ್ನೆಗಿಂತ ಒಂಚೂರು ಮೇಲೆ, ಅಂದ್ರೆ ಗಾಳಿ ಲೆಕ್ಕದಲ್ಲಿ ನೀರೇ ಬಿಸಿ! ಬಚ್ಚಲ ಹಂಡೆಯಿಂದ ಹಬೆ ಏಳೋ ಹಾಗೆ ಇಡೀ ಸರೋವರ ಹಬೆ ಆಡೋಕೆ ಶುರು ಮಾಡುತ್ತೆ. ಇಲ್ಲಿಯವ್ರು ಸೀ ಸ್ಮೋಕ್ ಅಂತಾರೆ. ಸೂರ್ಯ ಹುಟ್ಟೋದು ನೀರಿನ ಕಡೆಯಿಂದಾನೇ, ಹಬೆ ಹಿಂದಿನಿಂದ ಬೆಳಕು ಬಂದಾಗ ಮೊದಲು ನೇರಳೆ, ಆಮೇಲೆ ಕಿತ್ತಳೆ, ಹತ್ತು ಹದಿನೈದು ನಿಮಿಷ ಅಷ್ಟೇ, ಅಷ್ಟರಲ್ಲಿ ಅದೃಷ್ಟ ಇದ್ರೆ ಕಬ್ಬಿಣದ ಅದಿರಿನ ಹಡಗೊಂದು ಮೂತಿ ತುಂಬ ಐಸ್ ಕಟ್ಕೊಂಡು ಆ ಹಬೆ ಸೀಳ್ಕೊಂಡು, ಹಡಗು ಬಂದ್ರೆ ಮೇಲೇಳೋ ಲಿಫ್ಟ್ ಬ್ರಿಡ್ಜ್ ಕಡೆ ಬರುತ್ತೆ. ಹಡಗು ಬೇಕು ಅಂದ್ರೆ ಜನವರಿ ಮಧ್ಯದೊಳಗೇ ಹೋಗ್ಬೇಕು, ಯಾಕಂದ್ರೆ ಸೂ ಲಾಕ್ಸ್ (ಸುಪೀರಿಯರಿಂದ ಬೇರೆ ಸರೋವರಗಳಿಗೆ ಹಡಗು ಇಳಿಸಿ ಹತ್ತಿಸೋ ನೀರಿನ ಬಾಗಿಲುಗಳು) ಜನವರಿ 15ಕ್ಕೆ ಮುಚ್ಚಿದ್ರೆ ಮತ್ತೆ ತೆಗೆಯೋದು ಮಾರ್ಚ್ 25ಕ್ಕೆ, ಅಲ್ಲೀತನಕ ದೊಡ್ಡ ಹಡಗುಗಳಿಗೆ ರಜ.

ಈಗ ಬಿಸಿ ಎಲ್ಲಿ ಕೈ ಕೊಡುತ್ತೆ ನೋಡಿ. ಹೀಟರ್ ಹಾಕಿರೋ ಕಾರಲ್ಲಿ ಎರಡೂವರೆ ಗಂಟೆ ಬೆಚ್ಚಗೆ ಕೂತು ಬಂದಿರೋ ಲೆನ್ಸನ್ನ ದಡದಲ್ಲಿ ಇಳಿದ ತಕ್ಷಣ ಹಡಗಿನ ಕಡೆ ತಿರುಗಿಸಿ ಕ್ಲಿಕ್ ಮಾಡಿದ್ರೆ ಫೋಟೋ ಮಸುಕು ಮಸುಕಾಗಿ ಬರುತ್ತೆ, ಎಲ್ಲೂ ಶಾರ್ಪ್ ಇಲ್ಲ, ಜನ ಆಟೋಫೋಕಸ್ ಸರಿ ಇಲ್ಲ ಅಂತಲೋ ಲೆನ್ಸೇ ಕೆಟ್ಟಿದೆ ಅಂತಲೋ ಬಯ್ಕೊಳ್ತಾರೆ. ಆಗಿರೋದಿಷ್ಟೇ, ಬಿಸಿ ಗ್ಲಾಸು ತನ್ನ ಮುಂದಿನ ಗಾಳೀನ ಕಾಯಿಸ್ತಿದೆ, ಲೆನ್ಸ್ ಹುಡ್ (ಲೆನ್ಸಿನ ಮುಂದೆ ಹಾಕೋ ಕೊಳವೆ) ಒಳಗೆ ಆ ಬಿಸಿಗಾಳಿ ಸುತ್ತಾಡ್ತಿದೆ. ಮೇ ತಿಂಗಳಲ್ಲಿ ಬಳ್ಳಾರಿ ರೋಡಲ್ಲಿ ಟಾರ್ ಮೇಲೆ ಗಾಳಿ ನಡುಗುತ್ತಲ್ಲ, ಅದೇ ವಿದ್ಯಮಾನ, ಮೈನಸ್ ಇಪ್ಪತ್ತೈದರಲ್ಲಿ! ದೂರದ್ದನ್ನ ಹತ್ರ ತೋರ್ಸೋ 400 ಎಂಎಂ ಥರದ ಟೆಲಿ ಲೆನ್ಸಲ್ಲಿ ಇದು ಎದ್ದು ಕಾಣುತ್ತೆ. ಕಾರಿನ ಕಿಟಕಿ ಇಳಿಸಿ ಒಳಗಿಂದಾನೇ ತೆಗೆದ್ರಂತೂ ಮುಗೀತು, ಒಳಗಿನ ಬಿಸಿಯೆಲ್ಲ ಅದೇ ಕಿಟಕಿಯಿಂದ ಹೊರಗೆ ಸುರೀತಿರುತ್ತೆ, ನೀವು ಅದರ ಮೂಲಕ ನೋಡ್ತಿರ್ತೀರ. ನಾನು ಕ್ಯಾಮೆರಾ, ಲೆನ್ಸ್ ಎರಡನ್ನೂ ರಾತ್ರಿಯೇ ಡಿಕ್ಕೀಲಿ ಇಟ್ಟುಬಿಡ್ತೀನಿ, ಅಲ್ಲೇ ತಣ್ಣಗೆ ಬಿದ್ದಿರ್ಲಿ ಅಂತ. ಹೊರಗಿನ ಗಾಳಿಯಷ್ಟೇ ತಣ್ಣಗಿರೋ ಲೆನ್ಸಿಗೆ ಇನ್ನೊಂದು ಲಾಭ, ಮೇಲೆ ಬಿದ್ದ ಹಿಮ ಕರಗಲ್ಲ, ಪುಡಿ ಪುಡಿಯಾಗೇ ಇರುತ್ತೆ, ಬ್ರಷ್ಷಲ್ಲಿ ತಟ್ಟಿದ್ರೆ ಉದುರುತ್ತೆ. ಬಿಸಿ ಲೆನ್ಸ್ ಮೇಲೆ ಬಿದ್ರೆ ಕರಗಿ, ಆಮೇಲೆ ಅಲ್ಲೇ ಗಾಜಿನ ಮೇಲೆ ಐಸಾಗಿ ಕೂತ್ಕೊಳ್ಳುತ್ತೆ, ಆವತ್ತಿನ ಕಥೆ ಅಲ್ಲಿಗೆ ಮುಗಿದಂಗೆ.

ಲೆನ್ಸ್ ಮೇಲೆ ಏನೋ ಕೂತಿದೆ ಅಂತ ಬಾಯಿಂದ ಹಾ... ಅಂತ ಊದಿ ಒರೆಸೋ ಅಭ್ಯಾಸ ಇದೆಯಲ್ಲ ನಮಗೆಲ್ಲ, ಕನ್ನಡಕ ಒರೆಸೋ ಥರ, ಅದನ್ನ ಇಲ್ಲಿ ಮರ್ತುಬಿಡ್ಬೇಕು. ಉಸಿರು ಗಾಜು ಮುಟ್ಟಿದ ಕ್ಷಣಾನೇ ಐಸ್. ವ್ಯೂಫೈಂಡರ್ ಹತ್ರ ಮೂಗು ಇಟ್ಟಾಗ್ಲೂ ಅಷ್ಟೇ, ಉಸಿರು ಹಿಡ್ಕೊಂಡು ನೋಡಿ, ಮುಖ ಆ ಕಡೆ ತಿರುಗಿಸಿ ಬಿಡಬೇಕು, ಸ್ವಲ್ಪ ಪ್ರಾಣಾಯಾಮದ ಕ್ಲಾಸಾಗುತ್ತೆ ಆದ್ರೂ ಬೇರೆ ದಾರಿ ಇಲ್ಲ. ಮುಖದ ಚರ್ಮ ಬರೀ ಲೋಹಕ್ಕೆ ತಾಗಿಸಬೇಡಿ. ಕ್ಯಾಪ್ಟನ್ ಸ್ಕಾಟ್ ಜೊತೆ 1910ರಲ್ಲಿ ಅಂಟಾರ್ಕ್ಟಿಕಾ ಯಾತ್ರೆಗೆ ಹೊರಟ ಫೋಟೋಗ್ರಾಫರ್ ಹರ್ಬರ್ಟ್ ಪಾಂಟಿಂಗ್ ಒಂದ್ಸಲ ಕ್ಯಾಮೆರಾಗೆ ನಾಲಿಗೆ ತಾಗಿ ಅಂಟ್ಕೊಂಡು, ಎಳ್ದಾಗ ತುದಿ ಚರ್ಮಾನೇ ಕಿತ್ತು ಬಂತಂತೆ. ಓದ್ದಾಗಿಂದ ಟ್ರೈಪಾಡ್ ಕಾಲಿಗೆ ಫೋಮ್ ಸುತ್ತದೆ ನಾನು ಹೊರಗೆ ಕಾಲಿಡಲ್ಲ.

ಹಾಂ, ಇನ್ನೊಂದು. ಹವಾಮಾನದ ಆ್ಯಪಲ್ಲಿ "ವಿಂಡ್ ಚಿಲ್ ಮೈನಸ್ 40" ಅಂತ ನೋಡಿ ಕ್ಯಾಮೆರಾ ಬಗ್ಗೆ ಗಾಬರಿ ಆಗೋರಿದ್ದಾರೆ. ವಿಂಡ್ ಚಿಲ್ ನಮಗೆ, ಅದಕ್ಕಲ್ಲ. ಒಳಗಿಂದ ಬಿಸಿ ಹುಟ್ಟಿಸ್ಕೊಳ್ಳೋ ಮೈಯಿಂದ ಗಾಳಿ ಬಿಸಿ ಕಿತ್ಕೊಂಡು ಹೋಗೋದರ ಲೆಕ್ಕ ಅದು. ಗಾಳಿ ಎಷ್ಟೇ ಬೀಸಿದ್ರೂ ಕ್ಯಾಮೆರಾ ಮೈನಸ್ 25ರ ಗಾಳೀಲಿ ಮೈನಸ್ 25ಕ್ಕೇ ನಿಲ್ಲುತ್ತೆ, ಬೇಗ ಅಲ್ಲಿಗೆ ತಲುಪುತ್ತೆ ಅಷ್ಟೇ. ಹುಷಾರಾಗಿರಬೇಕಾಗಿರೋದು ನಿಮ್ಮ ಬೆರಳು. ಒಳಗೆ ತೆಳು ಗ್ಲೌಸ್, ಮೇಲೆ ದಪ್ಪ ಮಿಟನ್, ಅದರೊಳಗೊಂದು ಹ್ಯಾಂಡ್ ವಾರ್ಮರ್ ಪೊಟ್ಟಣ, ಬೆರಳು ಮರಗಟ್ಟಿ ಬೆಳ್ಳಗಾಗ್ತಿದೆ ಅನ್ಸಿದ್ರೆ ಹಡಗು ಬರ್ಲಿ ಏನೇ ಬರ್ಲಿ ವಾಪಸ್ ಕಾರಿಗೆ.

ಬಿಸಿ ನಿಜಕ್ಕೂ ಬೇಕಾಗಿರೋದು ಒಂದೇ ಸಾಮಾನಿಗೆ, ಬ್ಯಾಟರಿಗೆ. ಲಿಥಿಯಂ ಬ್ಯಾಟರಿ ಚಳೀಲಿ ಖಾಲಿ ಆಗಲ್ಲ, ಒಳಗಿನ ರಾಸಾಯನಿಕ ಕ್ರಿಯೆ ಜಡವಾಗುತ್ತೆ, ಒಳಗಿನ ರೆಸಿಸ್ಟೆನ್ಸ್ ಏರುತ್ತೆ, ವೋಲ್ಟೇಜ್ ಕುಸಿದು ಕ್ಯಾಮೆರಾ "ಚಾರ್ಜ್ ಮುಗೀತು" ಅಂತ ಕೈ ಎತ್ತುತ್ತೆ. ಅದೇ ಬ್ಯಾಟರಿನ ಒಳ ಜೇಬಲ್ಲಿ, ಮೈಗೆ ತಾಗೋ ಹಾಗೆ ಅರ್ಧ ಗಂಟೆ ಇಟ್ರೆ ಮತ್ತೆ ಜೀವ ಬರುತ್ತೆ. ಹಾಗಾಗಿ ಒಂದು ಕ್ಯಾಮೆರಾದಲ್ಲಿ, ಉಳಿದವು ಎದೆ ಹತ್ರ, ಸತ್ತ ಬ್ಯಾಟರಿ ಒಳಗೆ ಬೆಚ್ಚಗಿರೋದು ಹೊರಗೆ, ಹೀಗೆ ಅದಲು ಬದಲು ಮಾಡ್ತಾ ಬೆಳಗ್ಗೆ ಪೂರ್ತಿ ತಳ್ಳಬಹುದು. ಚಾರ್ಜ್ ಮಾತ್ರ ಅದು ರೂಮಿನಷ್ಟು ಬೆಚ್ಚಗಾದ್ಮೇಲೇ ಹಾಕಿ, ಸೊನ್ನೆಗಿಂತ ಕೆಳಗಿರೋವಾಗ ಚಾರ್ಜ್ ಮಾಡಿದ್ರೆ ಒಳಗೆ ಲಿಥಿಯಂ ಲೋಹ ಕಟ್ಕೊಂಡು ಬ್ಯಾಟರಿ ಶಾಶ್ವತವಾಗಿ ಹಾಳಾಗುತ್ತೆ.

ಎಕ್ಸ್‌ಪೋಷರ್, ಅಂದ್ರೆ ಫೋಟೋಗೆ ಎಷ್ಟು ಬೆಳಕು ಬಿಡ್ಬೇಕು ಅನ್ನೋದರ ಬಗ್ಗೆ ಎಲ್ರೂ ಬರೀತಾರೆ, ನಾನು ಒಂದೇ ಮಾತು ಹೇಳ್ತೀನಿ. ಕ್ಯಾಮೆರಾದ ಬೆಳಕು ಅಳೆಯೋ ಮೀಟರಿಗೆ ಪ್ರಪಂಚ ಎಲ್ಲ ಬೂದು ಬಣ್ಣ, ಬಿಳೀ ಹಿಮಾನ ನೋಡಿದ್ರೂ ಬೂದು ಮಾಡಿಬಿಡುತ್ತೆ, ಪ್ಲಸ್ 1ರಿಂದ ಒಂದೂವರೆ ಸ್ಟಾಪ್ ಕೊಡಿ (ಒಂದು ಸ್ಟಾಪ್ ಅಂದ್ರೆ ಎರಡರಷ್ಟು ಬೆಳಕು), ಬೆಳಕಿನ ಗ್ರಾಫ್ ಹಿಸ್ಟೋಗ್ರಾಂ ನೋಡ್ಕೊಳ್ಳಿ. ನೆರಳು ನೀಲಿಯಾಗಿ ಬಂದ್ರೆ ಸರಿ ಮಾಡೋಕೆ ಹೋಗ್ಬೇಡಿ, ನೆರಳಿಗೆ ಬೆಳಕು ಬರೋದು ಆಕಾಶದಿಂದ, ಅದು ನೀಲಿಯೇ ಇರ್ಬೇಕು. ಇನ್ನು ಡಿಸೆಂಬರಲ್ಲಿ ಇಲ್ಲಿ ನಡು ಮಧ್ಯಾಹ್ನಾನೂ ಸೂರ್ಯ ದಿಗಂತದಿಂದ ಸುಮಾರು 20 ಡಿಗ್ರಿ ಅಷ್ಟೇ ಏರೋದು, ಇಡೀ ದಿನ ಓರೆ ಬಿಸಿಲು ಉದ್ದ ನೆರಳು, ಬೆಂಗಳೂರಲ್ಲಿ ಹನ್ನೆರಡು ಗಂಟೆಗೆ ಕ್ಯಾಮೆರಾ ಒಳಗಿಡ್ತಿದ್ದ ನನಗೆ ಇದೊಂದು ಹಬ್ಬ.

ದಡದಲ್ಲಿ ಗಾಜಿನ ಹಲಗೆ ಥರ ನೀಲಿ ಐಸ್ ರಾಶಿ ಬಿದ್ದಿರುತ್ತೆ, ಅದರ ಮೇಲೆ ನಡ್ಕೊಂಡು ಮುಂದೆ ಹೋಗ್ಬೇಕು ಅಂತ ಆಸೆ ಆಗುತ್ತೆ. ಸಣ್ಣ ಕೆರೆಗಾದ್ರೆ 4 ಇಂಚು ದಪ್ಪದ ಹೊಸ, ತಿಳಿ ಐಸ್ ನಡೆಯೋಕೆ ಸಾಕು ಅಂತ ಇಲ್ಲಿನ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುತ್ತೆ, ಸುಪೀರಿಯರಲ್ಲಿ ಆ ಲೆಕ್ಕ ನಂಬಬೇಡಿ, ಗಾಳಿ ದಡದಿಂದ ನೀರಿನ ಕಡೆ ತಿರುಗಿದ್ರೆ ದಪ್ಪ ಐಸೂ ನಿಮ್ಮ ಸಮೇತ ತೇಲ್ಕೊಂಡು ಹೋಗುತ್ತೆ.

ಮನೆಗೆ ಬರೋವಾಗ ಬಿಸಿಯ ಕೊನೇ ಕಾಟ. ತಣ್ಣಗಿನ ಕ್ಯಾಮೆರಾ ಬೆಚ್ಚಗಿನ ಮನೆಯೊಳಗೆ ಬಂದ್ರೆ ಮೇಲೆಲ್ಲ ನೀರು ಬೆವರುತ್ತೆ, ಒಳಗಿನ ಸರ್ಕ್ಯೂಟ್ ಮೇಲೂ. ಹೊರಗಿರೋವಾಗ್ಲೇ ಮೆಮೊರಿ ಕಾರ್ಡ್ ತೆಗೆದು ಜೇಬಿಗೆ ಹಾಕಿ, ಕ್ಯಾಮೆರಾನ ದೊಡ್ಡ ಜಿಪ್‌ಲಾಕ್ ಕವರಿಗೆ ಹಾಕಿ ಗಾಳಿ ಹಿಂಡಿ ಮುಚ್ಚಿ, ಎರಡು ಮೂರು ಗಂಟೆ ಮುಟ್ಟಬೇಡಿ. ನೀರು ಕವರ್ ಹೊರಗೆ ಕೂರುತ್ತೆ, ಒಳಗಲ್ಲ.

ಊರಿಂದ ಗೆಳೆಯರು ಒಂದಿಬ್ಬರು ಈ ಚಳಿಗಾಲಕ್ಕೆ ಹಿಮಾಚಲದ ಸ್ಪಿತಿಗೆ, ಹಿಮ ಚಿರತೆ ನೋಡೋಕೆ ಕಿಬ್ಬರ್ ಕಡೆ ಹೊರಟಿದ್ದಾರೆ, ಅವರಿಗೂ ಇದೇ ಹೇಳಿದ್ದೀನಿ. ಅಲ್ಲಿ ಹೋಮ್‌ಸ್ಟೇ ರೂಮಲ್ಲಿ ಬುಖಾರಿ (ರೂಮು ಕಾಯಿಸೋ ಒಲೆ) ಉರೀತಿರುತ್ತೆ, ಚಳಿಯಿಂದ ಬಂದವರು ಕ್ಯಾಮೆರಾ ಸಮೇತ ಅದರ ಪಕ್ಕಾನೇ ಹೋಗಿ ಕೂರ್ತಾರೆ. ಲೋ, ಕ್ಯಾಮೆರಾ ಬ್ಯಾಗನ್ನ ಜಿಪ್ ಹಾಕಿ ಬಾಗಿಲ ಹತ್ರ ತಣ್ಣಗಿರೋ ಮೂಲೇಲೇ ಬಿಡ್ರೋ, ಬ್ಯಾಟರಿ ಮಾತ್ರ ಜೊತೇಲಿ ರಜಾಯಿ ಒಳಗೆ ಮಲಗಿಸ್ಕೊಳ್ಳಿ.