ಸ್ಪೆಕ್ಟ್ರಮ್‌ನಲ್ಲಿ ಅಸೆಂಬ್ಲಿ, ಐದನೆಯ ವಾರ: ಮೇಲಿನಿಂದ ಕೆಳಕ್ಕೆ ಒಂದು ಗೆರೆ

1982ರಲ್ಲಿ ಬಿಡುಗಡೆಯಾದ 48ಕೆ ಝಡ್‌ಎಕ್ಸ್ ಸ್ಪೆಕ್ಟ್ರಮ್ ಗಣಕದಲ್ಲಿ ಅಸೆಂಬ್ಲಿ (ಅದರ ಝಡ್80 ಪ್ರೊಸೆಸರ್‌ಗೆ ನೇರವಾಗಿ ಆದೇಶ ಕೊಡುವ ಭಾಷೆ) ಕಲಿಯಲು ತೊಡಗಿ ಇದು ಐದನೆಯ ವಾರ. ರಿಜಿಸ್ಟರ್‌ಗಳ (ಪ್ರೊಸೆಸರ್ ಒಳಗೆ ಸಂಖ್ಯೆಗಳನ್ನಿಡುವ ಚಿಕ್ಕ ಖಾನೆಗಳ) ಪರಿಚಯ, ಕೂಡುವುದು, ಕಳೆಯುವುದು, ಲೂಪ್ ಇವೆಲ್ಲ ಹಿಂದಿನ ವಾರಗಳಲ್ಲಿ ಮುಗಿದಿದ್ದವು. ಈ ವಾರ ಕೈಗೆತ್ತಿಕೊಂಡದ್ದು ಒಂದೇ ಕೆಲಸ: ಪರದೆಯ ನಡುವೆ, ಮೇಲಂಚಿನಿಂದ ಕೆಳಗಿನ ಅಂಚಿನವರೆಗೆ, 192 ಚುಕ್ಕೆಗಳ ನೇರ ಗೆರೆಯನ್ನು ಎಳೆಯುವುದು. ಆದೇಶಗಳನ್ನು ಸಂಖ್ಯೆಗಳಾಗಿ ಬದಲಿಸಿಕೊಡುವ ಅಸೆಂಬ್ಲರ್ ತಂತ್ರಾಂಶವನ್ನು ಬೇಕೆಂದೇ ದೂರವಿಟ್ಟಿದ್ದೇನೆ. ಆದೇಶಗಳನ್ನು ಕಾಗದದ ಮೇಲೆ ಬರೆದು, ಪ್ರತಿಯೊಂದರ ಸಂಖ್ಯೆಯನ್ನು ಕೋಷ್ಟಕದಲ್ಲಿ ಹುಡುಕಿ, ಗಣಕದಲ್ಲೇ ಇರುವ ಬೇಸಿಕ್ ಭಾಷೆಯ ಡೇಟಾ ಸಾಲುಗಳಿಂದ ಓದಿಸಿ, 32768ನೆಯ ವಿಳಾಸದಿಂದ ಮುಂದಕ್ಕೆ ಪೋಕ್ ಮಾಡುತ್ತೇನೆ, ಅಂದರೆ ಮೆಮೊರಿಗೆ ನೇರವಾಗಿ ಬರೆಯುತ್ತೇನೆ. ದಾರಿ ನಿಧಾನದ್ದಾದರೂ ಪ್ರತಿ ಬೈಟೂ ನೆನಪಿನಲ್ಲಿ ಉಳಿಯುತ್ತದೆ.

ಗೆರೆ ಎಳೆಯುವುದು ಸುಲಭವೆನಿಸಿತ್ತು, ಪರದೆಯ ಮೆಮೊರಿಯ ಜೋಡಣೆಯನ್ನು ನೋಡುವವರೆಗೆ. ಪರದೆ 16384ರಿಂದ ಆರಂಭವಾಗುತ್ತದೆ, ಚುಕ್ಕೆಗಳ ಒಂದು ಸಾಲಿಗೆ 32 ಬೈಟ್. ಹಾಗಾದರೆ ಎರಡನೆಯ ಸಾಲು 16416ರಲ್ಲಿ ಇರಬೇಕೆಂದು ಯಾರಾದರೂ ಊಹಿಸುತ್ತಾರೆ. ಆದರೆ ಅಲ್ಲಿರುವುದು ಒಂಬತ್ತನೆಯ ಸಾಲು, ಅಂದರೆ ಎಂಟು ಚುಕ್ಕೆ ಎತ್ತರದ ಅಕ್ಷರಸಾಲುಗಳಲ್ಲಿ ಎರಡನೆಯದರ ತಲೆ. ನಿಜವಾದ ಎರಡನೆಯ ಸಾಲು 256 ಬೈಟ್ ಆಚೆ, 16640ರಲ್ಲಿದೆ. ಇದರ ಮೇಲೆ ಇಡೀ ಪರದೆ 2048 ಬೈಟುಗಳ ಮೂರು ಭಾಗಗಳಾಗಿ ಒಡೆದಿದೆ. ಎರಡು ದಿನ ಇದನ್ನು ಅವ್ಯವಸ್ಥೆಯೆಂದೇ ಭಾವಿಸಿದ್ದೆ. ವಿಳಾಸ ಎಚ್ ಮತ್ತು ಎಲ್ ರಿಜಿಸ್ಟರ್‌ಗಳ ಜೋಡಿಯಲ್ಲಿರುವಾಗ (ಮೇಲಿನ ಬೈಟ್ ಎಚ್‌ನಲ್ಲಿ, ಕೆಳಗಿನದು ಎಲ್‌ನಲ್ಲಿ) 256 ಕೂಡಿಸುವುದೆಂದರೆ ಎಚ್‌ಗೆ 1 ಕೂಡಿಸುವುದು, ಅದೂ ಒಂದೇ ಬೈಟಿನ ಆದೇಶ ಎಂಬುದು ಹೊಳೆದಾಗ ಆದ ಸಂತೋಷವನ್ನು ಇಲ್ಲಿ ದಾಖಲಿಸಲೇಬೇಕು.

ಒಂದು ಸಾಲು ಕೆಳಕ್ಕಿಳಿಯುವ ಸಬ್‌ರೂಟಿನ್ (ಬೇಕಾದಾಗ ಕರೆದು ಬಳಸುವ ಆದೇಶಗಳ ಗುಂಪು) 15 ಬೈಟುಗಳಲ್ಲಿ ಮುಗಿಯಿತು. ಎಚ್‌ಗೆ 1 ಕೂಡಿಸಿ, ಅದರ ಕೊನೆಯ ಮೂರು ಬಿಟ್‌ಗಳು ಸೊನ್ನೆಯಾಗದಿದ್ದರೆ ಅಲ್ಲಿಂದಲೇ ಮರಳಬೇಕು. ಎಂಟರಲ್ಲಿ ಏಳು ಬಾರಿ ಕೆಲಸ ಹೀಗೆ 26 ಕ್ಲಾಕ್ ಸೈಕಲ್‌ಗಳಲ್ಲೇ ಮುಗಿಯುತ್ತದೆ. ಸೊನ್ನೆಯಾದರೆ ಎಲ್‌ಗೆ 32 ಕೂಡಿಸಬೇಕು. ಆಗ ಕ್ಯಾರಿ, ಅಂದರೆ ಮೊತ್ತ ಒಂದು ಬೈಟನ್ನು ಮೀರಿದ ಸೂಚನೆ, ಬಂದರೆ ಪರದೆಯ ಮೂರು ಭಾಗಗಳಲ್ಲಿ ಮುಂದಿನದಕ್ಕೆ ಸರಿಯಾಗಿಯೇ ದಾಟಿದ್ದೇವೆ, ಮರಳಬಹುದು. ಬರದಿದ್ದರೆ ಎಚ್‌ನಿಂದ 8 ಕಳೆದು ಮರಳಬೇಕು.

ಮೊದಲ ಬಾರಿ ಓಡಿಸಿದಾಗ ಗೆರೆಯ ಬದಲು ಮೂರು ತುಂಡುಗಳು ಕಂಡವು: 1, 10 ಮತ್ತು 19ನೆಯ ಅಕ್ಷರಸಾಲುಗಳಲ್ಲಿ ಎಂಟೆಂಟು ಚುಕ್ಕೆ. ಜೊತೆಗೆ 4, 12 ಮತ್ತು 20ನೆಯ ಅಕ್ಷರಸಾಲುಗಳಲ್ಲಿ ಒಂದೊಂದು ಕಪ್ಪು ಚೌಕ ಮೂಡಿತ್ತು, ಕೀಲಿಮಣೆ ಸ್ತಬ್ಧವಾಗಿತ್ತು. ಈ ಗಣಕಕ್ಕೆ ಸ್ವಿಚ್ಚೇ ಇಲ್ಲದ್ದರಿಂದ ವಿದ್ಯುತ್ ತಂತಿಯನ್ನು ಕಿತ್ತು ಮತ್ತೆ ಸಿಕ್ಕಿಸಬೇಕಾಯಿತು. ಓಡಿಸುವ ಮೊದಲೇ ಕ್ಯಾಸೆಟ್ಟಿಗೆ ಉಳಿಸುವ ರೂಢಿಯಿದ್ದುದರಿಂದ ಬರೆದದ್ದು ಹೋಗಲಿಲ್ಲ.

ಆ ಕಪ್ಪು ಚೌಕಗಳೇ ಸುಳಿವು ಕೊಟ್ಟವು. ಬಣ್ಣದ ಮಾಹಿತಿ 22528ರಿಂದ ಆರಂಭವಾಗುತ್ತದೆ, ಅಂದರೆ ನನ್ನ ಗೆರೆ ಮೂರೂ ಭಾಗಗಳನ್ನು ನೆಗೆದು ಬಣ್ಣದ ಪ್ರದೇಶಕ್ಕೆ ನುಗ್ಗಿತ್ತು. ಚುಕ್ಕೆಗೆಂದು ಬರೆದ 128 ಅಲ್ಲಿ ಕಪ್ಪಿನ ಮೇಲೆ ಕಪ್ಪು ಎಂಬ ಅರ್ಥ ಪಡೆದಿತ್ತು. ಅಲ್ಲಿಂದ ಅದು ಬೇಸಿಕ್‌ನ ಸ್ವಂತ ಜಾಗದೊಳಗೂ ಬರೆಯುತ್ತ ಸಾಗಿತ್ತು. ಹಾಗಿದ್ದರೆ ಎಚ್‌ನಿಂದ 8 ಕಳೆಯುವ ಹೆಜ್ಜೆ ತಪ್ಪುತ್ತಿದೆ ಎಂದಾಯಿತು. ಕಾಗದವನ್ನೂ ಡೇಟಾ ಸಾಲನ್ನೂ ಬೆರಳಿಟ್ಟು ಹೋಲಿಸಿದೆ: ಕ್ಯಾರಿ ಇದ್ದರೆ ಮರಳು ಎಂಬ ಆದೇಶದ ಸಂಖ್ಯೆ 216, ನಾನು ಒತ್ತಿದ್ದು 208, ಅಂದರೆ ಕ್ಯಾರಿ ಇಲ್ಲದಿದ್ದರೆ ಮರಳು. ಎರಡಕ್ಕೂ ಇರುವ ವ್ಯತ್ಯಾಸ ಒಂದು ಬಿಟ್.

ತಿದ್ದಿದ ಮೇಲೆ ಗೆರೆ ಸೆಕೆಂಡಿನ ಐವತ್ತನೆಯ ಒಂದು ಭಾಗಕ್ಕಿಂತಲೂ ಬೇಗ, ತುದಿಯಿಂದ ತುದಿಗೆ ಮೂಡಿತು. ಅದನ್ನು ಅಳಿಸಿ ಅಳಿಸಿ ಹತ್ತಾರು ಬಾರಿ ಎಳೆಸಿ ನೋಡಿದೆ.

ಮುಂದಿನ ವಾರ ಗೆರೆಗೆ ಬಣ್ಣ ತುಂಬಬೇಕು. ಚುಕ್ಕೆಯ ವಿಳಾಸಕ್ಕೂ ಅದರ ಬಣ್ಣದ ವಿಳಾಸಕ್ಕೂ ಎಲ್ ಒಂದೇ ಆಗಿರುವುದನ್ನು ಈಗಾಗಲೇ ಗಮನಿಸಿದ್ದೇನೆ. ಆದ್ದರಿಂದ ಎಚ್ ಒಂದನ್ನು ಮೂರು ಸ್ಥಾನ ಬಲಕ್ಕೆ ಸರಿಸಿ, ಕೊನೆಯ ಎರಡು ಬಿಟ್ ಮಾತ್ರ ಉಳಿಸಿಕೊಂಡು, 88 ಸೇರಿಸಿದರೆ ಸಾಕು. ಆದೇಶಗಳನ್ನು ಕಾಗದದ ಮೇಲೆ ಬರೆದಾಗಿದೆ, ಸಂಖ್ಯೆಗಳನ್ನು ಹುಡುಕುವುದು ಬಾಕಿಯಿದೆ.